ಎತ್ತಬಹುದಾದ ಬೈಕು

ಬೈಕ್ ತರಬೇತಿ ಶಾಲೆಯ ಹಳೆಯ ಪುಟ್ಟ ಗುಡ್ಡಗಾಡು ಬೈಕಿಗೆ ಅಂದು ಕೊನೆಯ ಪರೀಕ್ಷೆ. ಗುಡ್ಡದ ತುದಿ ಮುಟ್ಟದಿದ್ದರೆ ಗುಜರಿಗೆ ಹಾಕುವುದೆಂದು ಮೇಸ್ತ್ರಿ ನಜೀರ್ ಸಾಬರು ಹೇಳಿಯಾಗಿತ್ತು. ಅದರ ಮೇಲೆ ಕೂತವಳು ಹನ್ನೆರಡು ವರ್ಷದ ತಂಗಮ್ಮ. ಪಕ್ಕದಲ್ಲಿ, ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಹೊಸ ದೊಡ್ಡ ಬೈಕೊಂದು ತನ್ನ ಸವಾರನೊಂದಿಗೆ ನಿಂತಿತ್ತು.

"ಏನಜ್ಜಾ, ಈ ವಯಸ್ಸಲ್ಲಿ ಮಕ್ಕಳನ್ನು ಹೊತ್ತು ಗುಡ್ಡ ಹತ್ತುತ್ತೀರಾ?" ಎಂದು ಹೊಸದು ಕೇಳಿತು.

"ಬೇರೆ ಕೆಲಸ ಕಲಿತಿಲ್ಲಪ್ಪಾ," ಎಂದಿತು ಹಳೆಯದು.

"ನಾನು ಇನ್ನೂರು ಕಿಲೋ. ನೆಲ ತಾನಾಗಿಯೇ ದಾರಿ ಬಿಡುತ್ತದೆ."

ನೆಲ ದಾರಿ ಬಿಟ್ಟಿತು, ಕೆಳಮುಖವಾಗಿ. ಅರ್ಧ ಗುಡ್ಡದ ಮರಳಿನಲ್ಲಿ ಹೊಸ ಬೈಕು ಅಬ್ಬರಿಸಿದಷ್ಟೂ ಹೂತುಹೋಯಿತು. ಹಿಂದೆಯೇ ಬಂದ ಹಳೆಯದೂ ಅಲ್ಲೇ ಸಿಕ್ಕಿಕೊಂಡು, ಇಲ್ಲಿಗೆ ತನ್ನ ಕಥೆ ಮುಗಿಯಿತೆಂದುಕೊಂಡಿತು. ತಂಗಮ್ಮ ಹಾಗೆ ಅಂದುಕೊಳ್ಳಲಿಲ್ಲ. ಇಳಿದು ಎರಡು ಬೈಗುಳ ಬೈದಳು, ಹಿಂದಿನ ಚಕ್ರವನ್ನು ಎತ್ತಿ ಪಕ್ಕದ ಬಂಡೆಯ ಮೇಲಿಟ್ಟಳು, ಹತ್ತಿ ಕಿಕ್ ಹೊಡೆದಳು.

"ಇದು ಮೋಸ. ಸವಾರರು ಬೈಕನ್ನು ಎತ್ತುವುದು ಎಲ್ಲಾದರೂ ಉಂಟೇ?" ಎಂದಿತು ಹೊಸದು.

"ನಿನ್ನ ಸವಾರನಿಗೂ ಹೇಳಿ ನೋಡು," ಎಂದು ಹಳೆಯದು ಹೊಗೆ ಬಿಟ್ಟು ಹೊರಟಿತು. ಸವಾರ ಆಗಲೇ ಕಲ್ಲಿನ ಮೇಲೆ ಕೂತು ಟ್ರ್ಯಾಕ್ಟರ್‌ಗೆ ಫೋನ್ ಮಾಡುತ್ತಿದ್ದ.

ತುದಿಯಲ್ಲಿ ನಿಂತಿದ್ದ ನಜೀರ್ ಸಾಬರು ಬೈಕನ್ನು ಒಮ್ಮೆ ಸುತ್ತಿ ನೋಡಿ, ಬೈಕು ಒಯ್ಯಲು ಬಂದು ಕಾಯುತ್ತಿದ್ದ ಗುಜರಿಯವನನ್ನು ವಾಪಸ್ ಕಳಿಸಿದರು.

"ಇನ್ನೊಂದು ಸಲ ಹೋಗಿ ಬರ್ತೀನಿ, ಮೇಸ್ತ್ರಿ," ಎಂದಳು ತಂಗಮ್ಮ.

"ಪೆಟ್ರೋಲಿಗೆ ಆಯಿಲ್ ಬೆರೆಸಿಕೊಂಡು ಹೋಗಮ್ಮ."

ಟ್ರ್ಯಾಕ್ಟರ್ ಬರುವಷ್ಟರಲ್ಲಿ ಹಳೆಯ ಬೈಕು ಏಳು ಸಲ ಗುಡ್ಡ ಹತ್ತಿತ್ತು. ಪ್ರತಿ ಸಲವೂ ಹೊಸದರ ಪಕ್ಕದಲ್ಲೇ ಹಾದುಹೋಗಬೇಕಾಯಿತು. ಬೇರೆ ದಾರಿ ಇರಲಿಲ್ಲ.