ಅಜ್ಜನವರ ನಿಧಾನದ ಪ್ರಸಾದ

ಮಲಪ್ರಭೆಯ ದಂಡೆಯ ಕರಿಹಾಳದಲ್ಲಿ ಪೂಜ್ಯ ಗುರುಶಾಂತಯ್ಯ ಅಜ್ಜನವರ ಮಠವೆಂದರೆ ದೊಡ್ಡ ಕಟ್ಟಡವನ್ನೇನೂ ಊಹಿಸಿಕೊಳ್ಳಬೇಕಾಗಿಲ್ಲ. ಗದ್ದುಗೆಯ ಪುಟ್ಟ ಗುಡಿ, ಮುಂದೆ ಕಲ್ಲು ಹಾಸಿದ ಪಡಸಾಲೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಇಷ್ಟೇ. ಅಜ್ಜನವರಿಗೆ ಹಾಸಿಕೊಳ್ಳಲು ಒಂದು ಕಂಬಳಿ, ಕೂರಲು ಒಂದು ಮಣೆ. ಯಾರೋ ಭಕ್ತರು ಬೆಳ್ಳಿಯ ತಗಡು ಹೊಡೆಸಿದ ಕುರ್ಚಿ ಮಾಡಿಸಿಕೊಡುತ್ತೇವೆಂದು ಬಂದಾಗ, "ಅದರ ಮ್ಯಾಲೆ ಕುಂತ್ರ ಉಣ್ಣೂ ಗಂಗಾಳ ದೂರ ಆಕ್ಕೈತ್ರೆಪಾ" ಎಂದು ನಕ್ಕು ಕಳಿಸಿದರಂತೆ.

ಅಜ್ಜನವರು ಮಳೆ ತರಿಸಿದ, ಹಾವಿನ ವಿಷ ಇಳಿಸಿದ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ. ಹೇಳುವವರ ಉತ್ಸಾಹಕ್ಕೆ ತಕ್ಕಂತೆ ಮಳೆಯೂ ಹಾವೂ ದೊಡ್ಡದಾಗುತ್ತ ಬಂದಿವೆ. ಈ ಪ್ರಸಂಗದಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿ ಅಜ್ಜನವರು ಊಟ ಮಾಡುತ್ತಾರೆ, ಅಷ್ಟೇ. ಆ ಪಂಕ್ತಿಯಲ್ಲಿ ಕುಳಿತಿದ್ದ ರುದ್ರಪ್ಪ ಹೂಗಾರರ ಬಾಯಿಂದಲೇ ನಾನು ಇದನ್ನು ಕೇಳಿದ್ದು.

ಪ್ರತಿ ಅಮಾವಾಸ್ಯೆಗೆ ಮಠದಲ್ಲಿ ದಾಸೋಹ. ಬಂದವರೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂರಬೇಕು. ಅಜ್ಜನವರೂ ಅದೇ ಸಾಲಿನಲ್ಲಿ ಕೂರುವರು. ಅಜ್ಜನವರು ಏಳುವತನಕ ಯಾರೂ ಏಳುವಂತಿಲ್ಲ ಎಂಬುದೊಂದೇ ಅಲ್ಲಿಯ ನಿಯಮ. ತೊಂದರೆಯೆಂದರೆ ಅಜ್ಜನವರ ಊಟ ಬಹಳ ನಿಧಾನ. ಒಂದು ತುತ್ತು ಬಾಯಿಗಿಟ್ಟರೆ ಇನ್ನೊಂದು ತುತ್ತು ಕಲಸುವಷ್ಟರಲ್ಲಿ ಉಳಿದವರ ಹುಗ್ಗಿ, ಅನ್ನ, ಸಾರು, ಮಜ್ಜಿಗೆ ಎಲ್ಲ ಮುಗಿದು, ಕೈ ಒಣಗಿ, ಬೆರಳು ಅಂಟಿಕೊಳ್ಳುತ್ತಿದ್ದವು. ಬೇರೆ ದಿನ ಅವರು ಪೂಜೆ ಮುಗಿಸಿ ಒಳಗೆ ಒಬ್ಬರೇ ಪ್ರಸಾದ ಸ್ವೀಕರಿಸುತ್ತಿದ್ದುದರಿಂದ ಆಗ ಹೇಗೆ ಉಣ್ಣುತ್ತಿದ್ದರೆಂದು ನೋಡಿದವರಿಲ್ಲ.

ಹಲ್ಲಿನ ತೊಂದರೆ ಇರಬೇಕೆಂದು ಎಲ್ಲರೂ ತೀರ್ಮಾನಿಸಿದರು. ಅನ್ನವನ್ನು ಮೆತ್ತಗೆ ಬೇಯಿಸಿದರು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿದರು. ಹುಬ್ಬಳ್ಳಿಯ ಭಕ್ತರೊಬ್ಬರಂತೂ ಹಲ್ಲಿನ ಡಾಕ್ಟರನ್ನೇ ಕಾರಿನಲ್ಲಿ ಕೂರಿಸಿಕೊಂಡು ಬಂದರು. ಡಾಕ್ಟರು ಬ್ಯಾಟರಿ ಹಿಡಿದು ನೋಡಿ, "ನನ್ನ ಹಲ್ಲಿಗಿಂತ ಇವ ಗಟ್ಟಿ ಅದಾವ್ರಿ" ಎಂದು ಹೇಳಿ, ಪ್ರಸಾದ ಉಂಡು ಹೋದರು. ಆಮೇಲೆ ಭಕ್ತರು, ಅಜ್ಜನವರು ತುತ್ತುತುತ್ತಿಗೂ ಮಂತ್ರ ಅನ್ನುತ್ತಾರೆ ಎಂಬ ಹೊಸ ತೀರ್ಮಾನಕ್ಕೆ ಬಂದರು.

ಅಜ್ಜನವರ ಈ ನಿಧಾನದಿಂದ ಒಳಗೊಳಗೇ ಸಮಾಧಾನಪಟ್ಟವಳು ಒಬ್ಬಳೇ, ಮಠಕ್ಕೆ ಪತ್ರಿ ಹೂವು ತರುತ್ತಿದ್ದ ಶಾಂತವ್ವ ಹೂಗಾರ. ಆಕೆಯ ಮಗಳು ಸುವರ್ಣಾಗೆ ಹುಟ್ಟಿನಿಂದಲೂ ಕೈಕಾಲು ಸ್ವಾಧೀನದಲ್ಲಿರಲಿಲ್ಲ. ಕತ್ತು ನಿಲ್ಲುತ್ತಿರಲಿಲ್ಲ, ಮಾತು ಬರಲಿಲ್ಲ. ಅಮಾವಾಸ್ಯೆ ಬಂತೆಂದರೆ ಶಾಂತವ್ವ ಮಗಳನ್ನು ಕೌದಿಯಲ್ಲಿ ಸುತ್ತಿ ಎತ್ತಿಕೊಂಡು ಬರುವಳು. ಮಗಳು ಬೆಳೆದು ತನ್ನಷ್ಟೇ ಉದ್ದವಾದ ಮೇಲೂ ಹಾಗೇ. ಪಂಕ್ತಿಯ ಕೊನೆಯ ಕಂಬಕ್ಕೆ ಬೆನ್ನು ಕೊಟ್ಟು, ಮಗಳ ತಲೆಯನ್ನು ಎಡಮೊಳಕೈಯಲ್ಲಿ ಹಿಡಿದು, ಹುಗ್ಗಿಯನ್ನು ಹಿಚುಕಿ ಕೆನ್ನೆಯ ಒಳಗಿಟ್ಟು, ಗದ್ದಕ್ಕೆ ಬೆರಳು ಕೊಟ್ಟು ಕಾಯುವಳು. ಗಂಟಲು ಒಮ್ಮೆ ಏರಿ ಇಳಿದರೆ ಒಂದು ತುತ್ತು ಹೋಯಿತೆಂದು ಅರ್ಥ. ಕೆಮ್ಮು ಬಂದರೆ ಮತ್ತೆ ಮೊದಲಿಂದ. ತನ್ನ ಮಗಳಿಗಾಗಿ ಇಷ್ಟೊಂದು ಮಂದಿ ಕಾಯುವುದು ಯಾವ ನ್ಯಾಯವೆಂದು ಮೊದಲ ಸಲ ಅರ್ಧಕ್ಕೇ ಏಳಲು ಹೊರಟಿದ್ದಳಂತೆ. ನೋಡಿದರೆ ಅಜ್ಜನವರದೇ ಇನ್ನೂ ಮುಗಿದಿರಲಿಲ್ಲ. ಆ ಮುದಿ ಹಲ್ಲಿಗೆ ಮನಸ್ಸಿನಲ್ಲೇ ಕೈಮುಗಿದು ಕೂತಳು. ಅಂದಿನಿಂದ ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ.

ಒಂದು ವರ್ಷ ಬೇಸಿಗೆಯಲ್ಲಿ ಸುವರ್ಣಾ ತೀರಿಕೊಂಡಳು.

ಮಣ್ಣು ಕೊಡಲು ಬಂದವರೆಲ್ಲ ಒಂದೇ ಮಾತಾಡಿದರು. ಶಾಂತವ್ವನ ಮೈದುನ ಈ ರುದ್ರಪ್ಪನವರೇ ಎಲ್ಲರಿಗಿಂತ ಗಟ್ಟಿಯಾಗಿ, "ಪಾರಾದ್ಲು ಬಿಡ್ರಿ ವೈನಿ. ಅಕೀನೂ ಪಾರಾದ್ಲು, ನೀವೂ ಪಾರಾದ್ರಿ" ಎಂದರು. ಊರ ಸೊಸೈಟಿಯ ಕಾರ್ಯದರ್ಶಿ ಅವರು. ಎಲ್ಲ ವ್ಯವಹಾರವನ್ನೂ ಬೇಗ ಮುಗಿಸುವ ಅಭ್ಯಾಸ. ತೀರಿದವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯನ್ನೂ ಐದು ಮಂದಿ ಜಂಗಮರಿಗೆ ಎಡೆ ಮಾಡಿ ಮನೆಯಲ್ಲೇ ಮುಗಿಸಿದರು. ಹಿರಿಯರು ತೀರಿದಾಗ ಆ ದಿನ ನಾಲ್ಕು ಜನ ಎದ್ದು ನಿಂತು ಹೋದವರ ಬಗ್ಗೆ ಎರಡು ಮಾತಾಡುವ ವಾಡಿಕೆಯಿದೆ. ಶಾಂತವ್ವ ಅದನ್ನು ಕೇಳಿದಾಗ ರುದ್ರಪ್ಪನವರು, "ಅಕೀ ಬಗ್ಗೆ ಯಾರ ಏನಂತ ಮಾತಾಡ್ಬೇಕ ವೈನಿ? ಏನ್ ಮಾಡಿದ್ಲಂತ ಹೇಳೂದು?" ಎಂದರು. ದುಷ್ಟತನದಿಂದಲ್ಲ. ನಿಜವಾಗಿಯೂ ಅವರಿಗೆ ಏನೂ ಹೊಳೆಯಲಿಲ್ಲ.

ಮುಂದಿನ ಅಮಾವಾಸ್ಯೆ ಬೆಳಿಗ್ಗೆ ಶಾಂತವ್ವ ಪತ್ರಿಯ ಬುಟ್ಟಿಯನ್ನು ಗದ್ದುಗೆಯ ಮುಂದಿಟ್ಟು ಹಾಗೇ ಹೊರಟಿದ್ದಳು. ಅಜ್ಜನವರು ಕರೆದರು. ಆಕೆ ತಿರುಗಿ ನಿಂತಳು, ಆದರೆ ನಮಸ್ಕಾರ ಮಾಡಲಿಲ್ಲ.

"ಯಾಕವ್ವಾ, ಪ್ರಸಾದಕ್ಕ ನಿಂದ್ರೂದಿಲ್ಲ?"

"ನನಗೇನ ಕೆಲಸ ಐತ್ರಿ ಅಜ್ಜಾ ಪಂಕ್ತ್ಯಾಗ? ನಾ ಪಾರಾಗೇನಲ್ರೀ, ಎಲ್ಲಾರೂ ಹೇಳ್ಯಾರ." ಆಕೆಯ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು. "ಆಡು ಸತ್ರ ಆಡು ಸತ್ತಿತು ಅಂತಾರ. ನನ್ನ ಮಗಳು ಹೋದ್ರ, ಹೋದ್ಲು ಅಂತ ಒಬ್ರರ ಅಂದ್ರನ್ರಿ? ಅಕೀ ಇಲ್ಲಂತ ಯಾರಿಗರ ಕಡಿಮಿ ಬಿದ್ದೈತನ್ರಿ? ಒಬ್ರಿಗೆ? ಇದ್ರ ಹೇಳ್ರಿ, ಈಗ ಅಡ್ಡಬೀಳ್ತೀನಿ."

ಅಜ್ಜನವರು ಬುಟ್ಟಿಯಿಂದ ಒಂದು ಬಿಲ್ವದಳ ತೆಗೆದುಕೊಂಡು ಗದ್ದುಗೆಗೆ ಏರಿಸಿದರು. ಸಮಾಧಾನದ ಮಾತಾಡಲಿಲ್ಲ, ಕರ್ಮ, ಜನ್ಮ, ಋಣ ಅನ್ನಲಿಲ್ಲ.

"ಕುಂದ್ರವ್ವಾ," ಎಂದರು. "ಯಾವಾಗ್ಲೂ ಕುಂದ್ರೂ ಜಾಗಾದಾಗ."

ಅಷ್ಟೇ. ಅಜ್ಜನವರ ಮಾತು ಮೀರಿ ಅಭ್ಯಾಸವಿಲ್ಲದ್ದರಿಂದ ಶಾಂತವ್ವ ಪಂಕ್ತಿಯ ಹೊತ್ತಿಗೆ ಕಂಬದ ಬುಡಕ್ಕೆ ಹೋಗಿ ಕೂತಳು. ಎಡಗೈಯನ್ನು ಎಲ್ಲಿಡಬೇಕೆಂದು ಆಕೆಗೆ ತಿಳಿಯಲಿಲ್ಲ. ಆ ಜಾಗದಲ್ಲಿ ಮೊದಲ ಬಾರಿಗೆ ಆಕೆಯ ಮುಂದೆ ಆಕೆಯದೇ ಒಂದು ಗಂಗಾಳ ಬಂತು. ಅಲ್ಲಿಯವರೆಗೆ ಮಗಳು ಬಿಟ್ಟದ್ದೇ ಆಕೆಯ ಊಟ. ಗೋದಿ ಹುಗ್ಗಿ ಬಡಿಸಿದರು. ಆಕೆ ಮುಟ್ಟಲಿಲ್ಲ.

ಜಯಘೋಷವಾಯಿತು. ಎಲ್ಲರೂ ಉಣ್ಣತೊಡಗಿದರು. ಬಡಿಸುವವರು ಅನ್ನದ ಬುಟ್ಟಿ ಹಿಡಿದು ಎರಡನೇ ಸುತ್ತು ಬಂದು ನೋಡುತ್ತಾರೆ, ಅಜ್ಜನವರ ಗಂಗಾಳ ಖಾಲಿ. ಅವರು ಆಗಲೇ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದು ಕೂತಿದ್ದರು. ಪಂಕ್ತಿಯಲ್ಲಿ ಅರ್ಧದಷ್ಟು ಜನಕ್ಕೆ ಇನ್ನೂ ಸಾರು ಮುಟ್ಟಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರುದ್ರಪ್ಪನವರು ಸುಮ್ಮನಿರುವವರಲ್ಲ. "ಅಜ್ಜಾ, ಇವತ್ತ ಭಾಳ ಲಗೂ ಆತಲ್ರೀ ಪ್ರಸಾದ? ಹಲ್ಲು ಆರಾಮ ಆದಂಗ ಕಾಣತಾವ" ಎಂದು, ಏಳಲು ಅನುಕೂಲವಾಗಲೆಂದು ಒಂದು ಮೊಣಕಾಲನ್ನೂ ಎತ್ತಿದರು.

ಅಜ್ಜನವರು ಕೊನೆಯ ಕಂಬದ ಕಡೆ ನೋಡಿದರು.

"ಇಷ್ಟು ದಿನಾ ಉಣ್ಣಾಕ ಜೋಡಿ ಇತ್ತಪಾ," ಎಂದರು. "ಇವತ್ತ ನಾ ಒಬ್ಬನ ಆದ್ನಿ."

ಎಲ್ಲರ ಕಣ್ಣೂ ಅಜ್ಜನವರಿಂದ ಕಂಬಕ್ಕೆ, ಕಂಬದಿಂದ ಅಜ್ಜನವರಿಗೆ ಹೋಗಿ ಬಂದವು. ಇಷ್ಟು ವರ್ಷ ಅಜ್ಜನವರ ತುತ್ತು ಎಣಿಸುತ್ತ ಕೂತವರು ಆ ಹುಡುಗಿಯ ಕಡೆ ತಿರುಗಿ ನೋಡಿರಲಿಲ್ಲ. ಆ ಹುಡುಗಿಯ ಗಂಟಲಿನ ಮೇಲೆ ಕಣ್ಣಿಟ್ಟು ಕೂತ ತಾಯಿ ಮೊದಲ ದಿನದ ಮೇಲೆ ಅಜ್ಜನವರ ಕಡೆ ನೋಡಿರಲಿಲ್ಲ. ಎರಡನ್ನೂ ಒಟ್ಟಿಗೆ ಕಂಡವರು ಆ ಪಂಕ್ತಿಯಲ್ಲಿ ಯಾರೂ ಇರಲಿಲ್ಲ. ಒಂದು ಸಲ ಮಾತ್ರ, ಮಗಳಿಗೆ ಕೆಮ್ಮು ಹತ್ತಿ ನೀರಿಗಾಗಿ ತಲೆಯೆತ್ತಿದಾಗ, ಅಜ್ಜನವರ ಕೈ ತುತ್ತಿನ ಸಮೇತ ಅಂತರದಲ್ಲೇ ನಿಂತದ್ದನ್ನು ಶಾಂತವ್ವ ಕಂಡಿದ್ದಳು. ವಯಸ್ಸಾದವರು, ಮರೆವು ಅಂದುಕೊಂಡಿದ್ದಳು.

ಅಜ್ಜನವರು ಏಳಲಿಲ್ಲ. ಅವರು ಏಳದೆ ಯಾರೂ ಏಳುವಂತಿರಲಿಲ್ಲ. ಕೈಗಳು ಒಣಗತೊಡಗಿದವು.

ಅಡುಗೆಯ ನಾಗವ್ವ ಬಾಗಿಲಲ್ಲಿ ನಿಂತವಳು ಯಾರಿಗೂ ಅಲ್ಲವೆಂಬಂತೆ, "ಹುಗ್ಗಿಗೆ ಬೆಲ್ಲಾ ಹಾಕಿದ್ನೆಪಾ ಅಂದ್ರ ಆ ವಾಸನಿಗೆ ಇಲ್ಲಿತನಾ ಕೇಳತಿತ್ತು ಅಕೀ ದನಿ," ಎಂದಳು. "ಬಾಯಿಲ್ಲ ಅಂತಾರ. ಹದಾ ಬಂದದ್ದು ನನಗ ಹೇಳಾಕಿನ ಅಕೀ." ಎಲ್ಲಿಂದಲೋ ಒಂದು ಸಣ್ಣ ನಗು ಕೇಳಿತು. ಸುವರ್ಣಾ ಎಂಬ ಹೆಸರು ಪಂಕ್ತಿಯಲ್ಲಿ ಒಂದೆರಡು ಕಡೆ ಮೆಲ್ಲಗೆ ಬಂದು ಹೋಯಿತು.

ರುದ್ರಪ್ಪನವರು ಎತ್ತಿದ ಮೊಣಕಾಲನ್ನು ಇಳಿಸಿ ಚಕ್ಕಳಮಕ್ಕಳ ಕೂತರು. ತಲೆ ತಗ್ಗಿಸಿ, "ನನ್ನ ಮೋಟರ್‌ಸೈಕಲ್ ಸಪ್ಪಳಾ ಗೊತ್ತಿತ್ತು ಅಕೀಗೆ" ಎಂದರು. "ನಾ ಒಳಗ ಬರೂದ್ರಾಗ ಬಾಗಲಾ ಕಡೆ ಮಾರಿ ತಿರಿಗಿರ್ತಿತ್ತು. ನಿನ್ನಿ ಗಾಡಿ ನಿಂದ್ರಿಸಿ ಒಳಗ ಹೋದ್ನಿ, ವೈನಿ. ಯಾರೂ ತಿರಗಲಿಲ್ಲ."

"ನಗತಿದ್ಲು, ರುದ್ರಪ್ಪಾ," ಎಂದಳು ಶಾಂತವ್ವ. "ನೀ ನೋಡೂದ್ರಾಗ ಮುಗದಿರತಿತ್ತು."

ಆಗ ಆಕೆ ಕೂತಲ್ಲಿಂದಲೇ ಅಜ್ಜನವರ ಕಡೆ ತಿರುಗಿ ನೆಲಕ್ಕೆ ಹಣೆ ಹಚ್ಚಿದಳು. ಬೆಳಿಗ್ಗೆ ಬಾಕಿ ಉಳಿಸಿಕೊಂಡಿದ್ದ ಅಡ್ಡಬೀಳುವಿಕೆ ಅದು. ಎದ್ದು, ಆರಿಹೋದ ಹುಗ್ಗಿಯಲ್ಲಿ ಕೈಯಿಟ್ಟಳು. ಅಭ್ಯಾಸಬಲದಿಂದ ಅದನ್ನು ನುಣ್ಣಗೆ ಹಿಚುಕಿ, ಒಂದು ಗಳಿಗೆ ತಡೆದು, ತನ್ನ ಬಾಯಿಗೇ ಇಟ್ಟುಕೊಂಡಳು. ನಿಧಾನವಾಗಿ ಉಂಡಳು. ಪಂಕ್ತಿಗೆ ಪಂಕ್ತಿಯೇ ಕಾದು ಕೂತಿತು. ಆಕೆ ಗಂಗಾಳ ತೊಳೆದು ಕುಡಿದ ಮೇಲೆ ಅಜ್ಜನವರು ಎದ್ದರು.

ಅಜ್ಜನವರು ಲಿಂಗೈಕ್ಯರಾಗಿ ಬಹಳ ಕಾಲವಾಯಿತು. ರುದ್ರಪ್ಪನವರಿಗೂ ಈಗ ವಯಸ್ಸಾಗಿದೆ; ಬೇಗ ಮುಗಿಸುವ ಚಾಳಿ ಉಳಿದೆಲ್ಲ ವಿಷಯಗಳಲ್ಲೂ ಹಾಗೇ ಇದೆ. ಆದರೆ ಯಾರದೇ ಮನೆಯಲ್ಲಿ ಹಾಸಿಗೆ ಹಿಡಿದವರು ತೀರಿಕೊಂಡರೂ ಅವರ ಬಾಯಲ್ಲಿ "ಪಾರಾದ್ರು" ಎಂಬ ಮಾತು ಬರುವುದಿಲ್ಲ. ಹೋಗಿ ಕೂತು, "ಏನ್ ಸೇರತಿತ್ತು ಅವರಿಗೆ?" ಎಂದು ಕೇಳುತ್ತಾರೆ. ಮಠದಲ್ಲಿ ಇಂದಿಗೂ ಎಲ್ಲರ ಊಟ ಮುಗಿದ ಮೇಲೆ ಪಂಕ್ತಿ ಸ್ವಲ್ಪ ಹೊತ್ತು ಹಾಗೇ ಕೂತಿರುತ್ತದೆ. ಹೊಸಬರು ತಿಳಿಯದೆ ಎದ್ದರೆ, ಕೊನೆಯ ಕಂಬದ ಬುಡದಿಂದ ರುದ್ರಪ್ಪನವರ ದನಿ ಬರುತ್ತದೆ:

"ಕುಂದರ್ರಿ, ಅವಸರಾ ಏನೈತಿ? ನಮ್ಮ ಸುವರ್ಣಾಂದು ಇನ್ನೂ ಆಗಿಲ್ಲ."