ದೊಡ್ಡೀರನ ನೈಸು

ಹೊನ್ನಮ್ಮನಿಗೆ ಒಬ್ಬನೇ ಮಗ, ದೊಡ್ಡೀರ. ಹೇಳಿದ್ದನ್ನೆಲ್ಲ ಮಾಡುವವ, ಹೇಳಿದ್ದನ್ನಷ್ಟೇ ಮಾಡುವವ. ಇಂಥವನಿಗೆ ಹೆಣ್ಣು ಕೊಡೋರು ಯಾರು ಅನ್ನೋದೇ ಅವಳ ಕೊರಗು. ಕೊನೆಗೂ ಒಂದು ಕಡೆಯವರು ಶುಕ್ರವಾರ ಮಗಳನ್ನೂ ಕರೆದುಕೊಂಡು ಗಂಡು ನೋಡಲು ಬರ್ತೀವಿ ಅಂದರು.

ಸೋಮವಾರ ರಾಗಿ ಕೊಟ್ಟು, ಮಿಲ್ಲಿಗೆ ಹೋಗಿ ಬೇಗ ಬಾ ಅಂದಳು. ಬೇಗ ಬರಬೇಕಲ್ಲ, ಅರ್ಧಂಬರ್ಧ ಬೀಸಿದ್ದನ್ನೇ ಹೊತ್ತು ತಂದ. ಮುದ್ದೆ ಬಾಯಿಗಿಟ್ಟರೆ ಬರೀ ತರಿ.

"ಹಿಟ್ಟು ನೈಸಾಗಿರ್ಬೇಕು ಕಣೋ ಪೆದ್ದ ಮುಂಡೇದೆ. ಇನ್ಮೇಲೆ ಏನೇ ಆಗ್ಲಿ, ಕೈಲಿ ಸವರಿ ನೋಡು, ನೈಸಾಗೈತಾ ಅಂತ."

"ಆಗ್ಲಿ ಕಣವ್ವ."

ಮಂಗಳವಾರ ಹಲಸಿನಹಣ್ಣು ತರಲು ಹೋದ. ಸವರಿ ನೋಡಿದ, ಮುಳ್ಳುಮುಳ್ಳು. ನೆಟ್ಟಗೆ ಬಡಗಿಯ ಹತ್ತಿರ ಹೋಗಿ ಹೆರೆಸಿದ. ಮನೆಗೆ ಬಂದಾಗ ಹಣ್ಣಿಗೆ ಸಿಪ್ಪೆಯಿಲ್ಲ, ಇವನ ಮೈಯೆಲ್ಲ ಅಂಟು, ಅಂಟಿನ ತುಂಬ ಮರದ ಹೊಟ್ಟು. ಹೊನ್ನಮ್ಮ ಹಣೆ ಚಚ್ಚಿಕೊಂಡು, ನೈಸು ಅಂದ್ರೆ ಏನೂಂತ ಇಂಗ್ಲಿಷ್ ಮೇಷ್ಟ್ರನ್ನೇ ಕೇಳಿ ಬಾ ಹೋಗು ಅಂದಳು.

ಮೇಷ್ಟ್ರಿಗೆ ಕೇಳೋರು ಸಿಕ್ಕಿದ್ದೇ ಹಬ್ಬ. ಅದು ಲ್ಯಾಟಿನ್ನಿನಲ್ಲಿ ಹುಟ್ಟಿ, ಫ್ರೆಂಚಿಗೆ ಹೋಗಿ, ಇಂಗ್ಲಿಷಿಗೆ ಬಂದ ಮಾತು, ಮೊದಲು 'ಏನೂ ತಿಳಿಯದ ಪೆದ್ದ' ಅಂತ ಅರ್ಥವಿತ್ತು ಅಂದರು. ಬರ್ತಾ ಬರ್ತಾ 'ಒಳ್ಳೆಯದು' ಅಂತಾಯಿತು ಅನ್ನುವಷ್ಟರಲ್ಲಿ ದೊಡ್ಡೀರ ಅರ್ಧ ದಾರಿ ನಡೆದುಬಿಟ್ಟಿದ್ದ.

ಶುಕ್ರವಾರ ಹೊನ್ನಮ್ಮ ಕೈಮುಗಿದು ಹೇಳಿದಳು, ಯಾರು ಏನು ಕೇಳಿದರೂ ನೈಸು ಅನ್ನು, ಬೇರೇನಕ್ಕೂ ಬಾಯಿ ಬಿಡಬೇಡ ಅಂತ.

ಬಂದವರು ಉಪ್ಪಿಟ್ಟು ಹೇಗಿದೆ ಅಂದರು. ನೈಸು. ನಮ್ಮ ಹುಡುಗಿ ಚೆನ್ನಾಜಿ ಹೇಗವಳೆ ಅಂದರು. ನೈಸು. ಹೊನ್ನಮ್ಮನಿಗೆ ಉಸಿರು ಬಂತು. ಹುಡುಗಿಯ ಅಪ್ಪ ಖುಷಿಯಾಗಿ, "ಹುಡುಗನೂ ನೈಸ್ ಕಣಮ್ಮ" ಅಂದ.

ದೊಡ್ಡೀರ ದಡಕ್ಕನೆ ಎದ್ದ. "ಅವ್ವಾ, ಇವರಿಗೆ ಗೊತ್ತಾಗೋಯ್ತು!"

ಏನು ಗೊತ್ತಾಯಿತು ಅಂತ ಅವರು ಕೇಳಿದರು. ಮೇಷ್ಟ್ರು ಹೇಳಿದ್ದನ್ನೆಲ್ಲ ಒಪ್ಪಿಸಿದ. ಹೊನ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಸಂಬಂಧ ಕೈತಪ್ಪಿತು ಅಂತ.

"ಹಂಗಾದ್ರೆ ನನ್ನೂ ನೈಸು ಅಂದ್ರಲ್ಲ?" ಅಂದಳು ಚೆನ್ನಾಜಿ.

"ನೀನು ಹಿಟ್ಟಿನ ನೈಸು. ನಾನು ಮೇಷ್ಟ್ರ ನೈಸು."

ಚೆನ್ನಾಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುಳ್ಳು ಹೇಳೋಕೂ ಬರದ ಗಂಡು ಇನ್ನೆಲ್ಲಿ ಸಿಕ್ತಾನಪ್ಪ, ನಂಗೊಪ್ಪಿಗೆ ಅಂದಳು. ಅಪ್ಪನೂ ನಗುತ್ತ ತಲೆಯ ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡು, ನಾವೂ ನೈಸ್ ಜನವೇ ಕಣಪ್ಪ ಅಂದ.

ದೊಡ್ಡೀರನಿಗೆ ಅವ್ವನ ಮೊದಲ ಮಾತು ನೆನಪಾಯಿತು. ಹತ್ತಿರ ಹೋಗಿ ಮಾವನ ಬೋಳುತಲೆಯನ್ನು ನಿಧಾನವಾಗಿ ಸವರಿದ.

"ದಿಟ ಕಣವ್ವ, ಮುದ್ದೆಗಾಗೋಷ್ಟು ನೈಸಾಗೈತೆ."