ಹುಲಿಗೆವ್ವನ ಬಾಗಿಲು

ಮಲಕ್ಕಾ ಜಲಸಂಧಿಯ ದಂಡೆಯಲ್ಲಿ ತಂಜುಂಗ್ ಸೆಲಾಸಿ ಎಂಬ ಹಳೆಯ ಬಂದರು ಪಟ್ಟಣವಿದೆ. ದೊಡ್ಡ ಹಡಗುಗಳು ಅಲ್ಲಿಗೆ ಬರುವುದು ನಿಂತು ಎಷ್ಟೋ ಕಾಲವಾಯಿತು. ಈಗ ಬರುವವರು ಹಳೆಯ ಕಟ್ಟಡಗಳನ್ನು ನೋಡುವ ಆಸೆಯ ಪ್ರವಾಸಿಗರು ಮಾತ್ರ. ಮೊದಲು ಡಚ್ಚರು, ಆಮೇಲೆ ಇಂಗ್ಲಿಷರು ಆಳಿದ ಊರಾದ್ದರಿಂದ ನೋಡುವುದಕ್ಕೇನೂ ಕಡಿಮೆಯಿಲ್ಲ. ದಿಬ್ಬದ ಮೇಲೆ ಡಚ್ಚರ ಇಗರ್ಜಿಯಿದೆ, ಅದರ ಗೋಡೆಗಳು ಆನೆಯನ್ನು ಒರಗಿಸಿದರೂ ಅಲುಗದಷ್ಟು ದಪ್ಪ. ಅದರ ಕೆಳಗೆ ಇಂಗ್ಲಿಷರ ನ್ಯಾಯಾಲಯ, ಸಾಲು ಕಂಬಗಳ ಮೊಗಸಾಲೆ, ಪಾಚಿಗಟ್ಟಿದ ಬಿಳಿ ಬಣ್ಣ. ಅಲ್ಲಿಂದ ಕಡಲಿನವರೆಗೆ ಒಂದೇ ಬೀದಿ. ಬೀದಿಯ ಎರಡೂ ಬದಿಗೆ ಚೀನೀ ವರ್ತಕರ ಅಂಗಡಿಮನೆಗಳು, ಕೆಳಗೆ ವ್ಯಾಪಾರ, ಮೇಲೆ ಸಂಸಾರ, ಮುಂದುಗಡೆ ಮಳೆ ಬಿಸಿಲು ತಾಗದ ಹಾಗೆ ನಡೆಯಲು ಕಮಾನುಗಳ ಹಾದಿ. ಆ ಬೀದಿ ಮುಗಿಯುವಲ್ಲಿ, ಕಡಲಿಗೆ ಅಡ್ಡಲಾಗಿ, ಹಳೆಯ ಸುಂಕದ ಉಗ್ರಾಣ ನಿಂತಿದೆ. ಅದರ ಎಲ್ಲ ಬಾಗಿಲುಗಳಿಗೂ ಕಬ್ಬಿಣದ ಪಟ್ಟಿ ಬಡಿದ ಭಾರಿ ಕದಗಳಿವೆ. ಬೀದಿಯ ಕಡೆಗಿರುವ ಹೆಬ್ಬಾಗಿಲಿಗೆ ಮಾತ್ರ ಕದವೇ ಇಲ್ಲ. ಹಗಲಿರುಳೆನ್ನದೆ ಗಾಳಿಯೂ ನಾಯಿಗಳೂ ಮನುಷ್ಯರೂ ಅದರೊಳಗೆ ಹಾದು ಕಡಲ ಕಟ್ಟೆಗೆ ಹೋಗಬಹುದು.

ಊರಿನವರು ಇದನ್ನು ಪಿಂತು ಉಲಿಗಾವ ಎನ್ನುತ್ತಾರೆ. ಪಿಂತು ಎಂದರೆ ಮಲಯ ಭಾಷೆಯಲ್ಲಿ ಬಾಗಿಲು. ಉಲಿಗಾವ ಎಂಬುದು ಮಲಯ ಮಾತಲ್ಲ, ಚೀನೀ ಮಾತೂ ಅಲ್ಲ. ಅದು ಯಾವನೋ ಡಚ್ ಕಪ್ತಾನನ ಹೆಂಡತಿಯ ಹೆಸರು ಎಂದು ಪ್ರವಾಸಿಗರನ್ನು ಕರೆದುಕೊಂಡು ಬರುವವರು ಹೇಳುವುದುಂಟು. ಬೆಸ್ತರ ಕೇರಿಯ ಮುದುಕಿಯರು ಆ ಮಾತು ಕೇಳಿದರೆ ನಗುತ್ತಾರೆ. ಅವರ ಪ್ರಕಾರ ಆ ಹೆಸರಿನವಳು ದೊರೆಸಾನಿಯಲ್ಲ, ಕಾಲಿಗೆ ಕಬ್ಬಿಣ ಹಾಕಿಸಿಕೊಂಡು ಬಂದ ಕೈದಿ. ಕಡಲಾಚೆಯ ಬಳ್ಳಾರಿ ಸೀಮೆಯವಳು. ಅವಳ ಹೆಸರು ಹುಲಿಗೆವ್ವ.

ಹಿಂದೆ ಒಮ್ಮೆ, ಕಂಪನಿಯ ಆಳ್ವಿಕೆಯ ಕಾಲದಲ್ಲಿ, ಬಳ್ಳಾರಿ ಸೀಮೆಯ ಒಂದು ಹಳ್ಳಿಯ ಕೆರೆಯ ತೂಬಿನ ಕಲ್ಲುಗಳನ್ನು ರಸ್ತೆಯ ಸೇತುವೆಗೆಂದು ಕಿತ್ತೊಯ್ಯಲು ಸರಕಾರದ ಜನ ಬಂದರಂತೆ. ತೂಬು ಹೋದರೆ ಕೆರೆ ಹೋಯಿತು. ಊರಿನವರು ಅಡ್ಡ ನಿಂತರು. ಮಾತಿಗೆ ಮಾತು ಬೆಳೆದು ಕಲ್ಲು ತೂರಾಟವಾಗಿ ಒಬ್ಬ ಪ್ಯಾದೆ ಸತ್ತ. ಯಾರ ಕಲ್ಲು ತಾಗಿತೋ ಯಾರಿಗೂ ತಿಳಿಯದು. ಕಲ್ಲು ಒಡೆಯುವ ಕಸುಬಿನ ಮಾರೆಪ್ಪನೂ ಅವನ ಹೆಂಡತಿ ಹುಲಿಗೆವ್ವನೂ ಎಲ್ಲರಿಗಿಂತ ಮುಂದೆ ನಿಂತಿದ್ದರಿಂದ ಸಿಕ್ಕಿಬಿದ್ದರು. ಇಬ್ಬರಿಗೂ ಕರಿನೀರಿನ ಶಿಕ್ಷೆಯಾಯಿತು. ಇನ್ನೂ ಮೊಲೆ ಬಿಡದ ಮಗಳನ್ನು ಹುಲಿಗೆವ್ವ ತನ್ನ ತಾಯಿಯ ಮಡಿಲಿಗೆ ಹಾಕಿ ಬಂಡಿ ಹತ್ತಿದಳು. ಹಡಗಿನಲ್ಲಿ ಅವಳ ಎದೆ ಹಾಲು ಕಟ್ಟಿ ಕಲ್ಲಾಯಿತು, ಜ್ವರ ಬಂದಿತು. ಅದೇ ಹಡಗಿನ ಗಂಡಸರ ಅಂತಸ್ತಿನಲ್ಲಿದ್ದ ಮಾರೆಪ್ಪನಿಗೆ ಹೆಂಡತಿ ಬದುಕಿದ್ದಾಳೋ ಇಲ್ಲವೋ ಎಂಬುದು ತಂಜುಂಗ್ ಸೆಲಾಸಿಯ ಕಟ್ಟೆಯ ಮೇಲೆ ಇಳಿದಾಗಲೇ ಗೊತ್ತಾದದ್ದು.

ಅಲ್ಲಿ ಕೈದಿಗಳೇ ಊರು ಕಟ್ಟುತ್ತಿದ್ದರು. ಇಟ್ಟಿಗೆ ಸುಡುವವರು ಅವರು, ಮರ ಕೊಯ್ಯುವವರು ಅವರು, ಗೋಡೆ ಎಬ್ಬಿಸುವವರೂ ಅವರೇ. ಮಾರೆಪ್ಪನನ್ನು ಕಲ್ಲಿನ ಕೆಲಸಕ್ಕೆ ಹಾಕಿದರು. ಹುಲಿಗೆವ್ವ ಸುಟ್ಟ ಚಿಪ್ಪಿನ ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿ ಗಾರೆ ಅರೆಯುವ ಹೆಂಗಸರೊಂದಿಗೆ ಸೇರಿದಳು. ಗಂಡ ಹೆಂಡತಿ ಒಂದೇ ಕಟ್ಟಡದ ಮೇಲೆ ದುಡಿದರೂ ಮಾತಾಡುವಂತಿರಲಿಲ್ಲ. ಅವಳು ಗಾರೆಯ ಪುಟ್ಟಿ ಹೊತ್ತು ಮೇಲಕ್ಕೆ ಹೋದಾಗ ಅವನು ಕೈಚಾಚಿ ಇಳಿಸಿಕೊಳ್ಳುತ್ತಿದ್ದ. ಅಷ್ಟೇ ಅವರ ಸಂಸಾರ. ಹೀಗೆ ವರ್ಷಗಳು ಕಳೆದ ಮೇಲೆ ಮಾರೆಪ್ಪ ತಡೆಯಲಾರದೆ ಒಬ್ಬ ದೋಣಿಯವನನ್ನು ಗುಟ್ಟಾಗಿ ಗೊತ್ತು ಮಾಡಿದ. ಹೇಗಾದರೂ ಆಚೆ ದಡ ಸೇರಿ, ಅಲ್ಲಿಂದ ನಾಗಪಟ್ಟಣದ ಹಡಗು ಹಿಡಿದು, ಮಗಳ ಮುಖ ನೋಡಬೇಕೆಂಬ ಹುಚ್ಚು. ದೋಣಿಯವನೇ ಬಾಯಿ ಬಿಟ್ಟ. ಮಾರೆಪ್ಪನನ್ನು ಸುಂಕದ ಉಗ್ರಾಣದ ತೆಂಕಣ ಕೋಣೆಯಲ್ಲಿ, ಗೋಡೆಗೆ ಹುಗಿದ ಕಬ್ಬಿಣದ ಬಳೆಗೆ ಸರಪಳಿ ಬಿಗಿದು ಕೂರಿಸಿದರು. ಆ ಉಗ್ರಾಣದ ದುರಸ್ತಿಗೆಂದೇ ಹುಲಿಗೆವ್ವ ಕಡಲ ಕಡೆಯ ಅಂಗಳದಲ್ಲಿ ಗಾರೆ ಅರೆಯುತ್ತಿದ್ದಳು. ಒಳಗೆ ಸರಪಳಿ ಸದ್ದಾದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು ಎನ್ನುತ್ತಾರೆ.

ಬೆಂಕಿ ಬಿದ್ದದ್ದು ನಡುಹಗಲಿನಲ್ಲಿ, ಗಾಳಿ ಬಲವಾಗಿ ಬೀಸುವ ಕಾಲದಲ್ಲಿ. ಆಗ ಬೀದಿಯ ಮನೆಗಳಿಗೆ ಈಗಿನಂತೆ ಹೆಂಚಿರಲಿಲ್ಲ, ಗರಿಯ ಹೊದಿಕೆ. ದಿಬ್ಬದ ಕೆಳಗೆ ಯಾವುದೋ ಒಲೆಯಿಂದ ಎದ್ದ ಕಿಡಿ ಒಂದು ಮಾಡಿನಿಂದ ಇನ್ನೊಂದಕ್ಕೆ ಹಾರುತ್ತ ಬೀದಿಯ ಎರಡೂ ಸಾಲನ್ನು ಹಿಡಿಯಿತು. ಜನ ಮಕ್ಕಳುಮರಿಗಳನ್ನು ಎತ್ತಿಕೊಂಡು ಕಡಲಿನತ್ತ ಓಡಿದರು. ಕಡಲಿಗೆ ಹೋಗಲು ಇದ್ದದ್ದು ಒಂದೇ ದಾರಿ, ಉಗ್ರಾಣದ ನಡುವಿನ ಹಾದಿ. ಅದರ ಹೆಬ್ಬಾಗಿಲು ಮುಚ್ಚಿತ್ತು. ಒಳಗೆ ಅಫೀಮಿನ ಪೆಟ್ಟಿಗೆಗಳಿದ್ದವು, ಗಲಾಟೆಯಲ್ಲಿ ಲೂಟಿಯಾದೀತೆಂದು ಉಗ್ರಾಣದ ದೊರೆ ಅಗಣಿ ಹಾಕಿಸಿ, ಅದಕ್ಕೊಂದು ಬೀಗ ಜಡಿಸಿ, ಗುಮಾಸ್ತರನ್ನು ಕರೆದುಕೊಂಡು ಕಡಲ ಕಡೆಯಿಂದ ದೋಣಿ ಹತ್ತಿದ್ದ. ಉಳಿದ ಕೈದಿಗಳನ್ನು ಸಿಪಾಯಿಗಳು ಆಗಲೇ ಕಟ್ಟೆಗೆ ಅಟ್ಟಿದ್ದರು. ಗೋಡೆಗೆ ಬಿಗಿದವನ ನೆನಪು ಯಾರಿಗೂ ಆಗಲಿಲ್ಲ.

ಹುಲಿಗೆವ್ವನಿಗೆ ಆಯಿತು. ಅಂಗಳದಲ್ಲಿ ಬಿದ್ದಿದ್ದ ಹಾರೆಯನ್ನು ಎತ್ತಿಕೊಂಡು ಅವಳು ಒಳಗೆ ನುಗ್ಗಿದಳು. ತೆಂಕಣ ಕೋಣೆಯ ತುಂಬ ಹೊಗೆ. ಮಾರೆಪ್ಪ ಎದ್ದು ನಿಂತು ಸರಪಳಿಯನ್ನು ಎರಡೂ ಕೈಯಿಂದ ಜಗ್ಗುತ್ತಿದ್ದ, ಮುಂಗೈಯ ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು. ಅವಳು ಬಳೆಯ ಬುಡಕ್ಕೆ ಹಾರೆ ಕೊಟ್ಟು ಮೀಟತೊಡಗಿದಳು. ಗಾರೆ ಚೂರುಚೂರಾಗಿ ಉದುರಿತು. ಅದು ಅವಳೇ ಅರೆದ ಗಾರೆ. ಇಷ್ಟು ಗಟ್ಟಿಯಾಗಿ ಯಾಕೆ ಅರೆದೆನೋ ಎಂದು ತನ್ನ ಕೈಗಳನ್ನೇ ಶಪಿಸುತ್ತ ಮೀಟಿದಳು. ಬಳೆ ತುಸು ಅಲ್ಲಾಡಿತು.

ಅಷ್ಟರಲ್ಲಿ ಹೆಬ್ಬಾಗಿಲಿನ ಕಡೆಯಿಂದ ಆ ಸದ್ದು ಬಂದಿತು. ಮೊದಲು ಕದ ಬಡಿಯುವ ಸದ್ದು, ಆಮೇಲೆ ನೂರಾರು ಜನರ ಕೂಗು, ಅದರ ನಡುವೆ ಮಕ್ಕಳ ಅಳು. ಯಾವ ಭಾಷೆಯ ಮಗು ಅತ್ತರೂ ಅಳು ಒಂದೇ. ಮಾರೆಪ್ಪ ಜಗ್ಗುವುದನ್ನು ನಿಲ್ಲಿಸಿದ.

“ಹುಲಿಗೀ, ಆ ಬಾಗ್ಲ ತಗಿ ಹೋಗು.”

“ಸುಮ್ನಿರು ಮಾವ. ಇದು ಅಲ್ಲಾಡಾಕ ಹತ್ತೈತಿ. ಇನ್ನೇನು ಬಂತು.”

“ಕೂಸುಗಳು ಅಳಾಕ ಹತ್ಯಾವ, ಕೇಳ್ಸವಲ್ದೇನು?”

“ನನ್ನ ಕೂಸಿಗೆ ನೀನೊಬ್ಬ ಬೇಕು. ನಂಗ ಬ್ಯಾರೆ ಯಾರ ಗೊಡವಿನೂ ಬ್ಯಾಡ” ಎಂದು ಅವಳು ಅಳುತ್ತಲೇ ಇನ್ನಷ್ಟು ಬಲವಾಗಿ ಹಾರೆ ಒತ್ತಿದಳು.

ಮಾರೆಪ್ಪ ಅವಳ ಕೈ ಹಿಡಿದುಕೊಂಡ. ಅವನ ದನಿ ಮೆತ್ತಗಾಯಿತು. “ನೋಡಿಲ್ಲಿ. ಇದು ಒಬ್ರಿಂದ ಬರೂದಲ್ಲ. ಬಾಗ್ಲ ತಗದ್ರ ಮಂದಿ ಒಳಗ ಬರ್ತಾರ. ನಾಕು ಗಂಡಸ್ರನ್ನ ಕರಕೊಂಡು ಬಾ. ಎಲ್ಲಾರೂ ಜಗ್ಗಿದ್ರ ಕ್ಷಣದಾಗ ಬರ್ತೈತಿ. ಹೋಗು, ಲಗೂನ ಹೋಗಿ ಬಾ.”

ಅವನು ಅದನ್ನು ನಂಬಿ ಹೇಳಿದನೋ, ಅವಳನ್ನು ಕಳಿಸುವುದಕ್ಕಾಗಿ ಹೇಳಿದನೋ, ಆಮೇಲೆ ಬದುಕಿದಷ್ಟು ದಿನವೂ ಹುಲಿಗೆವ್ವ ಇದನ್ನೇ ಯೋಚಿಸಿದಳಂತೆ. ಆಗ ಮಾತ್ರ ಅವಳು ನಂಬಿದಳು. ಹಾರೆ ಹಿಡಿದು ಓಡಿದಳು.

ಹೆಬ್ಬಾಗಿಲಿನ ಒಳಬದಿಯಲ್ಲಿ, ದೊರೆ ಕಾವಲಿಗೆ ಬಿಟ್ಟುಹೋದ ಅರುಣಾಚಲಂ ಎಂಬ ತಂಡೇಲ ನಿಂತಿದ್ದ. ಹಳೆಯ ಕೈದಿಗಳನ್ನೇ ಹೊಸಬರ ಮೇಲೆ ಕಾವಲಿಗೆ ಹಾಕಿ ತಂಡೇಲ ಎಂದು ಕರೆಯುವುದು ಅಲ್ಲಿನ ಪದ್ಧತಿ. ಸೇಲಂ ಕಡೆಯವನಾದ್ದರಿಂದ ಅವನಿಗೆ ಹರಕುಮುರುಕು ಕನ್ನಡ ಬರುತ್ತಿತ್ತು. ಅವಳನ್ನು ಕಂಡವನೇ ಕದಕ್ಕೆ ಇನ್ನಷ್ಟು ಬಲವಾಗಿ ಬೆನ್ನು ಕೊಟ್ಟ.

“ಬರಬೇಡ. ಬಾಗಿಲು ತೆಗೆದರೆ ದೊರೆ ನನ್ನನ್ನ ಗಲ್ಲಿಗೆ ಹಾಕ್ತಾನೆ.”

“ಹಾಕ್ಲಿ! ನಿನ್ನ ಬೆನ್ನಿಗೆ ಬಿಸಿ ತಾಗವಲ್ದೇನು? ಆಚಿ ಕಡಿ ಇರೋರಿಗೆ ಹೆಂಗಾಗಿರಬೇಕು?”

ಆಚೆಯಿಂದ ಯಾರೋ ಉಗುರಿನಿಂದ ಮರ ಕೆರೆಯುವ ಸದ್ದು ಕೇಳಿಸಿತು. ಅರುಣಾಚಲಂ ಒಮ್ಮೆ ಕಣ್ಣು ಮುಚ್ಚಿದ. ಮರುಕ್ಷಣ ಅವಳ ಕೈಯ ಹಾರೆಗೆ ತನ್ನ ಕೈಯನ್ನೂ ಸೇರಿಸಿದ. ಇಬ್ಬರೂ ಸೇರಿ ಬೀಗದ ಕೊಂಡಿ ಮುರಿದು ಅಗಣಿಯನ್ನು ಮೇಲಕ್ಕೆತ್ತಿದರು.

ಕದಗಳು ತೆರೆದುಕೊಂಡಿದ್ದೇ ತಡ, ಕಟ್ಟೆಯೊಡೆದ ನೀರಿನಂತೆ ಜನ ಒಳನುಗ್ಗಿದರು. ಬಟ್ಟೆ ಸುಟ್ಟವರು, ಕೂದಲು ಸುಟ್ಟವರು, ಮುದುಕರನ್ನು ಬೆನ್ನ ಮೇಲೆ ಹೊತ್ತವರು, ಯಾರದೋ ಮಗುವನ್ನು ತಮ್ಮದೆಂದು ಎತ್ತಿಕೊಂಡವರು. ಹುಲಿಗೆವ್ವ ಎದುರಿಗೆ ಬಂದವರ ತೋಳು ಹಿಡಿದು ಎಳೆದಳು. “ಒಳಗ ಮನಷ್ಯಾ ಅದಾನ! ನನ್ನ ಗಂಡ ಅದಾನ! ಬರ್ರಿ ಯಾರಾರ!” ಎಂದು ಕಿರುಚಿದಳು. ಕನ್ನಡದಲ್ಲಿ ಕಿರುಚಿದಳು. ಇಷ್ಟು ವರ್ಷಗಳಲ್ಲಿ ಕಲಿತಿದ್ದ ನಾಲ್ಕು ಮಲಯ ಮಾತುಗಳು ಆ ಹೊತ್ತಿಗೆ ಒಂದೂ ನಾಲಗೆಗೆ ಬರಲಿಲ್ಲ. ಅವಳ ಮಾತು ಬಲ್ಲವನು ಅರುಣಾಚಲಂ ಒಬ್ಬನೇ, ಅವನನ್ನು ಆ ಪ್ರವಾಹ ಆಗಲೇ ಕೊಚ್ಚಿಕೊಂಡು ಹೋಗಿತ್ತು. ಅವಳನ್ನೂ ಎತ್ತಿಕೊಂಡು ಹೋಯಿತು. ಕಾಲು ನೆಲಕ್ಕೆ ತಾಗದೆ, ಕೈಯ ಹಾರೆ ಎಲ್ಲೋ ಜಾರಿ, ತೆಂಕಣ ಕೋಣೆಯ ಬಾಗಿಲನ್ನು ಕಣ್ಣೆದುರೇ ದಾಟಿ, ಅವಳು ಕಡಲ ಕಟ್ಟೆಗೆ ಬಂದು ಬಿದ್ದಳು.

ಎದ್ದು ತಿರುಗಿ ಓಡಿದಳು. ಜನರ ಜೊತೆಗೆ ಗಾಳಿಯೂ, ಗಾಳಿಯ ಜೊತೆಗೆ ಬೆಂಕಿಯೂ ತೆರೆದ ಬಾಗಿಲಿನಿಂದ ಒಳಗೆ ಬಂದಿತ್ತು. ತೊಲೆಗಳು ಉರಿಯುತ್ತಿದ್ದವು. ಆಗ ಹಿಂದಿನಿಂದ ಎರಡು ತೋಳುಗಳು ಅವಳ ಸೊಂಟವನ್ನು ಬಳಸಿ ಹಿಡಿದವು. ಮೀನು ಮಾರುವ ಮಕ್ ಸಿತಿ ಎಂಬ ಹೆಂಗಸು, ಈಗಷ್ಟೇ ಆ ಬಾಗಿಲಿನಿಂದ ಬದುಕಿ ಬಂದವಳು. ಹುಲಿಗೆವ್ವ ಅವಳನ್ನು ಪರಚಿದಳು, ಒದ್ದಳು, ತೋಳಿಗೆ ಬಾಯಿ ಹಾಕಿ ಕಚ್ಚಿದಳು. ಹಲ್ಲು ಎಲುಬಿಗೆ ತಾಗಿದರೂ ಮಕ್ ಸಿತಿ ಬಿಡಲಿಲ್ಲ. ಒಳಗಿನಿಂದ ಒಮ್ಮೆ “ಹುಲಿಗೀ” ಎಂದು ಕೂಗಿದ್ದು ಕೇಳಿಸಿತು. ಮಾಡು ಕುಸಿಯಿತು. ಆಮೇಲೆ ಏನೂ ಕೇಳಿಸಲಿಲ್ಲ.

ಸುಟ್ಟ ರಾಶಿ ತಣ್ಣಗಾಗಲು ಬಹಳ ದಿನ ಹಿಡಿಯಿತು. ಗೋಡೆಗಳು ಅರ್ಧ ಉಳಿದಿದ್ದವು. ಒಳಗೆ ಇಟ್ಟಿಗೆ, ಬೂದಿ, ಕರಕಲು ಎಲ್ಲ ಒಂದಾಗಿ ಬಿದ್ದಿತ್ತು. ಹುಲಿಗೆವ್ವ ತೆಂಕಣ ಕೋಣೆಯ ರಾಶಿಯನ್ನು ಕೈಯಿಂದ ಕೆದಕಿದಳು. ಸರಪಳಿ ಸಿಕ್ಕಿತು. ಅವನೆಂದು ಗುರುತಿಸಿ ಮಣ್ಣಿಗೆ ಇಡುವಂಥದ್ದು ಏನೂ ಸಿಗಲಿಲ್ಲ. ಅಷ್ಟರಲ್ಲಿ ಅಪ್ಪಣೆಯಾಯಿತು, ಉಗ್ರಾಣವನ್ನು ಮತ್ತೆ ಕಟ್ಟಬೇಕು, ಹಳೆಯ ಇಟ್ಟಿಗೆಯನ್ನೆಲ್ಲ ಪುಡಿ ಮಾಡಿ ಹೊಸ ಗಾರೆಗೆ ಬೆರೆಸಬೇಕು. ಬೇರೆ ಹೆಂಗಸರು ಆ ಕೋಣೆಯ ರಾಶಿಯನ್ನು ಮುಟ್ಟಲು ಹೆದರಿದರು. ಹುಲಿಗೆವ್ವ ತಾನೇ ಕೂತಳು. ಒಂದು ಚೂರನ್ನೂ ಹೊರಗೆ ಬಿಸಾಡಗೊಡದೆ, ಒಂದು ಹಿಡಿ ಬೂದಿಯನ್ನೂ ಗಾಳಿಗೆ ಹಾರಗೊಡದೆ, ಎಲ್ಲವನ್ನೂ ಕುಟ್ಟಿ ಜರಡಿ ಹಿಡಿದು ಸುಣ್ಣಕ್ಕೆ ಕಲಸಿ ಅರೆದಳು. ಅರೆಯುವಾಗ ಅತ್ತಳೋ ಇಲ್ಲವೋ ಎಂದು ಮುದುಕಿಯರನ್ನು ಕೇಳಿದರೆ, ಗಾರೆಗೆ ನೀರು ಹಾಕಿದ್ದನ್ನು ಯಾರೂ ನೋಡಲಿಲ್ಲವಂತೆ ಎನ್ನುತ್ತಾರೆ.

ಆ ಗಾರೆ ತೆಂಕಣ ಕೋಣೆಯ ಗೋಡೆಗೇ ಹೋಯಿತು, ಕಟ್ಟಡ ಎದ್ದಿತು. ಹೆಬ್ಬಾಗಿಲಿಗೆ ಹೊಸ ಕದಗಳೂ ಬಂದವು. ಅವನ್ನು ಕೂರಿಸಿದ ದಿನ ಹುಲಿಗೆವ್ವ ಬಾಗಿಲಿನ ನಡುವೆ ಅಡ್ಡಲಾಗಿ ಮಲಗಿದಳು. ಎಳೆದು ಹಾಕಿದರು, ಬೆನ್ನಿನ ಮೇಲೆ ಬೆತ್ತ ಮುರಿದರು. ಬಾಸುಂಡೆಯ ಬೆನ್ನಿನಲ್ಲೇ ಮತ್ತೆ ಬಂದು ಮಲಗಿದಳು. ಸೆರೆಮನೆಗೆ ಒಯ್ದರು. ಅವಳು ಸೆರೆಯಲ್ಲಿದ್ದಾಗ ಮಕ್ ಸಿತಿ ಬೆಸ್ತರ ಕೇರಿಯ ಹೆಂಗಸರನ್ನು ಕರೆದುಕೊಂಡು ಬಂದಳು. ಅಂಗಡಿಮನೆಗಳ ಚೀನೀಯರೂ ಬಂದರು. ಎಲ್ಲರೂ ಸೇರಿ ಹಗಲು ಬೆಳಕಿನಲ್ಲಿಯೇ, ಸಿಪಾಯಿಗಳು ನೋಡುತ್ತಿದ್ದಂತೆಯೇ, ಕದಗಳನ್ನು ತಿರುಗಣಿಯಿಂದ ಕಿತ್ತು ಕಡಲಿಗೆ ಎಸೆದರು. ಇನ್ನೊಂದು ಜೊತೆ ಬಂದಿತು, ಅದಕ್ಕೂ ಅದೇ ಗತಿಯಾಯಿತು. ಯಾರನ್ನೆಂದು ಹಿಡಿಯುವುದು? ಊರಿಗೆ ಊರೇ ನಿಂತಿತ್ತು. ಕೊನೆಗೆ ಸರಕಾರ ಪೆಟ್ಟಿಗೆಗಳನ್ನು ಒಳಕೋಣೆಗಳಿಗೆ ಸಾಗಿಸಿ, ನಡುವಿನ ಹಾದಿಯನ್ನು ಹಾಗೆಯೇ ಬಿಟ್ಟಿತು. ಅರುಣಾಚಲಂನ ತಂಡೇಲಗಿರಿ ಹೋಯಿತು, ಮತ್ತೆ ಕಾಲಿಗೆ ಕಬ್ಬಿಣ ಬಿತ್ತು. ಬೀದಿಯಲ್ಲಿ ಕಂಡವರು ಅವನಿಗೆ ಹೊಗೆಸೊಪ್ಪು ಕೊಟ್ಟು ಹೋಗುತ್ತಿದ್ದರಂತೆ.

ಹುಲಿಗೆವ್ವ ಮಕ್ ಸಿತಿಯನ್ನು ಬಹಳ ಕಾಲ ಕ್ಷಮಿಸಲಿಲ್ಲ. ಎದುರಾದರೆ ಮುಖ ತಿರುಗಿಸುತ್ತಿದ್ದಳು. ಆದರೆ ಶಿಕ್ಷೆ ಸಡಿಲವಾಗಿ ಊರಲ್ಲಿ ಇರಲು ಬಿಟ್ಟಾಗ ಹೋಗುವುದಕ್ಕೆ ಬೇರೆ ಮನೆಯಿರಲಿಲ್ಲ. ಒಂದು ಸಂಜೆ ಮಕ್ ಸಿತಿಯ ಗುಡಿಸಲಿನ ಮುಂದೆ ನಿಂತಳು. ಮಕ್ ಸಿತಿ ಒಳಗೆ ಕರೆದು ಅನ್ನ ಬಡಿಸಿದಳು. ಬಡಿಸುವ ತೋಳಿನ ಮೇಲಿದ್ದ ಹಲ್ಲಿನ ಗುರುತನ್ನು ಹುಲಿಗೆವ್ವ ಬೆರಳಿನಿಂದ ಮುಟ್ಟಿ, ಆಮೇಲೆ ಉಣ್ಣಲು ಕೂತಳು. ಇಬ್ಬರೂ ಮುದುಕಿಯರಾದರು. ಯಾವಾಗಲೋ ಶಿಕ್ಷೆ ಮಾಫಿ ಮಾಡಿದ ಹುಕುಂ ಬಂದಿತು, ನಾಗಪಟ್ಟಣದ ಹಡಗೂ ಬಂದು ನಿಂತಿತು. ಗಂಟು ಹಿಡಿದು ಕಟ್ಟೆಯವರೆಗೆ ಹೋದವಳು ಹಡಗು ಹೊರಡುವವರೆಗೆ ನಿಂತು ನೋಡಿ ತಿರುಗಿ ಬಂದಳು. ಯಾಕೆಂದು ಮಕ್ ಸಿತಿ ಕೇಳಿದ್ದಕ್ಕೆ, “ಅಲ್ಲಿ ನನ್ನ ಮಗಳು ನನ್ನ ಗುರ್ತು ಹಿಡಿಯಾಂಗಿಲ್ಲ. ಇಲ್ಲಿ ಅವನದಾನ. ಅವನ್ನ ಬಿಟ್ಟು ಒಂದ್ ಸಲ ಹೋದ್ನೆಲ್ಲ, ಸಾಕು” ಎಂದಳಂತೆ.

ಈಗ ಉಗ್ರಾಣವನ್ನು ನೋಡಲು ಹೋದವರು ಕದವಿಲ್ಲದ ಬಾಗಿಲಿನ ಮುಂದೆ ಚಿತ್ರ ತೆಗೆಸಿಕೊಂಡು, ಹಾದಿಯಲ್ಲಿ ನಡೆದು, ಕಡಲು ನೋಡಿ ಮರಳುತ್ತಾರೆ. ತುಸು ನಿಂತು ನೋಡುವವರಿಗೆ ಮಾತ್ರ ಇನ್ನೊಂದು ಕಾಣುತ್ತದೆ. ಬೇರೆಲ್ಲ ಗೋಡೆಗಳಿಗೆ ಸುಣ್ಣ ಬಳಿದಿದ್ದಾರೆ, ಹಾದಿಗೆ ತಾಗಿದ ತೆಂಕಣ ಕೋಣೆಯ ಗೋಡೆಗೆ ಬಳಿಯುವುದಿಲ್ಲ. ಅಲ್ಲಿನ ಗಾರೆ ಮಸುಕು ಕೆಂಪಾಗಿ, ಬೂದಿಯ ಎಳೆಗಳು ಬೆರೆತು, ಹಾಗೆಯೇ ಇದೆ. ಆಳೆತ್ತರದವರೆಗೆ ಅದು ಕನ್ನಡಿಯಷ್ಟು ನುಣುಪು. ಬೆಸ್ತರ ಕೇರಿಯ ಹೆಂಗಸರು ಮೀನಿನ ಬುಟ್ಟಿ ಹೊತ್ತು ಹಾದು ಹೋಗುವಾಗ, ಮಾತಾಡುತ್ತಿದ್ದ ಮಾತನ್ನು ನಿಲ್ಲಿಸದೆಯೇ, ಒಂದು ಕೈಯನ್ನು ಆ ಗೋಡೆಗೆ ಸವರಿ ಮುಂದೆ ಹೋಗುತ್ತಾರೆ.